ಎಬಿಎ ವಿಡಿಯೊ ನೂರು ನೋಡಿದೆ, ಮಗನಿಗೆ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಮ್ಮದು ಗದಗ-ಬೆಟಗೇರಿ. ಮಗನಿಗೆ ನಾಲ್ಕು ವರ್ಷ. ಆರು ತಿಂಗಳ ಹಿಂದೆ ಆಟಿಸಂ ಅಂತ ಹೇಳಿದರು. ಮಾತು ಇನ್ನೂ ಬಂದಿಲ್ಲ. ಏನಾದರೂ ಬೇಕಾದರೆ ನನ್ನ ಕೈ ಹಿಡಿದು ಎಳೆಯುತ್ತಾನೆ. ಊಟಕ್ಕೆ ಕೂರಿಸಿದರೆ ತಾಟು ಎತ್ತಿ ಒಗೆಯುತ್ತಾನೆ. ವಾರಕ್ಕೆ ಎರಡು ದಿನ ರೈಲಿನಲ್ಲಿ ಹುಬ್ಬಳ್ಳಿಗೆ ಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಎಬಿಎ ಅನ್ನುವ ಥೆರಪಿ ಮಾಡಿಸಿ, ವಾರಕ್ಕೆ 40 ಗಂಟೆ ಆದರೆ ಒಳ್ಳೆಯದು ಅಂದರು. ಅಷ್ಟು ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಮನೆಯಲ್ಲೇ ಕಲಿಸೋಣ ಅಂತ ರಾತ್ರಿ ಯೂಟ್ಯೂಬ್ ನೋಡುತ್ತೇನೆ. ಒಬ್ಬರು ಇದೇ ದಾರಿ ಅನ್ನುತ್ತಾರೆ, ಇನ್ನೊಬ್ಬರು ಎಬಿಎ ಅಂದರೆ ಮಕ್ಕಳಿಗೆ ಹಿಂಸೆ ಅನ್ನುತ್ತಾರೆ. ಎಲ್ಲ ಇಂಗ್ಲಿಷ್. ನನ್ನ ಓದು ಪಿಯುಸಿ. ಯಾವುದನ್ನು ನಂಬಲಿ? ಕನ್ನಡದಲ್ಲಿ ಏನಾದರೂ ಇದೆಯಾ?

ಉತ್ತರ: ಮೊದಲು ಆ 40 ಗಂಟೆಯ ವಿಷಯ ಮುಗಿಸಿಬಿಡೋಣ. ನಿಮ್ಮ ನಿದ್ದೆ ಕೆಡಿಸಿರುವುದು ಅದೇ ಅಂತ ಪತ್ರ ಓದಿದರೆ ಗೊತ್ತಾಗುತ್ತದೆ.

ಆ ಲೆಕ್ಕ ಬಂದದ್ದು ಅಮೆರಿಕದಿಂದ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಐವಾರ್ ಲೋವಾಸ್ ಅಂತ ಮನಶ್ಶಾಸ್ತ್ರಜ್ಞ ಇದ್ದರು. 1987ರಲ್ಲಿ ಅವರು ಒಂದು ಅಧ್ಯಯನ ಪ್ರಕಟಿಸಿದರು. 19 ಪುಟ್ಟ ಮಕ್ಕಳಿಗೆ ವಾರಕ್ಕೆ 40 ಗಂಟೆಯಂತೆ ಎರಡು ವರ್ಷ, ಕೆಲವರಿಗೆ ಇನ್ನೂ ಜಾಸ್ತಿ ಕಲಿಸಿದ್ದರು. ಅವರಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಒಂದನೇ ತರಗತಿ ಪಾಸಾದರು, ಐಕ್ಯೂ ಕೂಡ ಸರಾಸರಿಗೆ ಬಂತು ಅಂತ ಬರೆದರು. ಸುದ್ದಿ ಊರೂರಿಗೆ ಹಬ್ಬಿತು, ಅದರ ಬಾಲ ಹಿಡಿದು 40 ಅನ್ನುವ ಸಂಖ್ಯೆಯೂ ಹೊರಟಿತು. ಈ ಮಕ್ಕಳನ್ನು ಕಡಿಮೆ ಗಂಟೆ ಕಲಿತ ಇನ್ನೊಂದು ಗುಂಪಿನ ಜತೆ ಹೋಲಿಸಿದ್ದರು. ಆದರೆ ಯಾವ ಮಗು ಯಾವ ಗುಂಪಿಗೆ ಅನ್ನುವುದನ್ನು ಅವರು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ. ಹಾಗಾಗಿ ಆ ಹೋಲಿಕೆ ಗಟ್ಟಿ ಅಲ್ಲ. 2018ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು ಈ ತರಹದ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದರು. ಮೇಲೆ ಉಳಿದದ್ದು ಐದೇ ಐದು, ಎಲ್ಲ ಸೇರಿ 219 ಮಕ್ಕಳು. ಸ್ವಲ್ಪ ಉಪಯೋಗ ಕಾಣುತ್ತದೆ, ಆದರೆ ಆಧಾರ ತೆಳ್ಳಗಿದೆ ಅಂದರು. 2024ರಲ್ಲಿ ಇನ್ನೊಂದು ದೊಡ್ಡ ಲೆಕ್ಕ ಬಂತು. ಅದರಲ್ಲಿ ಎಬಿಎ ಅಷ್ಟೇ ಅಲ್ಲ, ಬೇರೆ ಬೇರೆ ಬಗೆಯ ಥೆರಪಿಗಳೂ ಸೇರಿದ್ದವು. 144 ಅಧ್ಯಯನ, 9,000ಕ್ಕೂ ಹೆಚ್ಚು ಮಕ್ಕಳು. ಗಂಟೆ ಜಾಸ್ತಿ ಆದಷ್ಟೂ ಫಲ ಜಾಸ್ತಿ ಅನ್ನುವುದಕ್ಕೆ ಅಲ್ಲಿ ಭರವಸೆಯ ಆಧಾರ ಸಿಗಲಿಲ್ಲ.

ಥೆರಪಿ ಬಿಡಿ ಅಂತ ನಾನು ಹೇಳುತ್ತಿಲ್ಲ. 40 ಆಗಲಿಲ್ಲವಲ್ಲ, ಮಗನ ಭವಿಷ್ಯ ನನ್ನ ಕೈಯಾರೆ ಹೋಯಿತು ಅಂತ ಅಳುವುದು ಬಿಡಿ ಅಂತಿದ್ದೇನೆ. ವಾರಕ್ಕೆ ಎರಡು ದಿನ ಹುಬ್ಬಳ್ಳಿ, ಉಳಿದ ಐದು ದಿನ ಸ್ನಾನ, ಊಟ, ಬಟ್ಟೆ, ಆಟ. ನಿಮ್ಮ ಹತ್ತಿರ ಹೊತ್ತು ಇದೆ. ಅದು ಕೆಲಸದ ಒಳಗೇ ಬೆರೆತಿದೆ, ಅಷ್ಟೇ.

ಇನ್ನು ಎಬಿಎ. ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್. ಹೆಸರು ಭಾರ, ಒಳಗಿನ ವಿಚಾರ ನಿಮ್ಮ ಅತ್ತೆಗೂ ಗೊತ್ತಿರುವಂಥದ್ದು. ಮಗು ಒಂದು ಕೆಲಸ ಮಾಡುತ್ತದೆ ಅಂದರೆ ಅದರ ಮುಂಚೆ ಏನೋ ಆಗಿರುತ್ತದೆ, ಆಮೇಲೆ ಏನೋ ಸಿಗುತ್ತದೆ. ಸಿಕ್ಕಿದ್ದು ಹಿತ ಅನಿಸಿದರೆ ಅದನ್ನೇ ಮತ್ತೆ ಮಾಡುತ್ತದೆ. ಹಾಗೆ ಸಿಗುವುದಕ್ಕೆ ರೀಇನ್ಫೋರ್ಸರ್ ಅನ್ನುತ್ತಾರೆ, ನಾನು ಉಮೇದು ಅನ್ನುತ್ತೇನೆ. ಕಲಿಯುವಾಗ ಕೊಡುವ ಸಹಾಯಕ್ಕೆ ಪ್ರಾಂಪ್ಟ್ ಅನ್ನುತ್ತಾರೆ, ನಾನು ಆಸರೆ ಅನ್ನುತ್ತೇನೆ. ಆಸರೆ ಕೊಡುವುದು ಸುಲಭ. ಹಂತಹಂತವಾಗಿ ಹಿಂದಕ್ಕೆ ತೆಗೆಯುವುದೇ ಕಷ್ಟ.

ಹಾಗಾದರೆ ಹಿಂಸೆ ಅನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಆ ಶುರುವಿನ ಕಾಲದಲ್ಲಿ ಮಕ್ಕಳಿಗೆ ಗದರುವುದು, ತೊಡೆಗೆ ಹೊಡೆಯುವುದೂ ಇತ್ತು. ಅದು ಆ 1987ರ ಬರಹದಲ್ಲೇ ದಾಖಲಾಗಿದೆ. ಹೊಡೆತ ಈಗ ಹೋಗಿದೆ, ಹೋಗಿರಬೇಕು. ಆದರೂ ಆಟಿಸಂ ಇರುವ ದೊಡ್ಡವರು, ಅಂದರೆ ಚಿಕ್ಕಂದಿನಲ್ಲಿ ಈ ಥೆರಪಿ ಪಡೆದವರು, ಬೇರೆ ದೂರು ಹೇಳುತ್ತಾರೆ. ಕೈ ಅಲ್ಲಾಡಿಸಬೇಡ, ಕಣ್ಣಲ್ಲಿ ಕಣ್ಣಿಟ್ಟು ನೋಡು, ಸುಮ್ಮನೆ ಕೂತಿರು ಅಂತ ನಮ್ಮನ್ನು ತಿದ್ದಿದಿರಿ, ನಮಗೆ ಏನು ಕಷ್ಟ ಅಂತ ಕೇಳಲಿಲ್ಲ ಅನ್ನುತ್ತಾರೆ.

ಆ ದೂರು ನನಗೂ ತಗಲುತ್ತದೆ. ನಾನು ಈ ಥೆರಪಿ ಕೆಲಸಕ್ಕೆ ಬಂದ ಹೊಸತು, ಐದು ವರ್ಷದ ಒಬ್ಬಳು ಹುಡುಗಿ ಬರುತ್ತಿದ್ದಳು. ಎದುರು ಕೂರಿಸಿಕೊಂಡು ‘ಲುಕ್ ಅಟ್ ಮಿ’ ಅನ್ನುತ್ತಿದ್ದೆ. ನೋಡಿದರೆ ಒಂದು ಚಿಪ್ಸ್. ಹಾಳೆಯ ಮೇಲೆ ಟಿಕ್ ಏರುತ್ತಾ ಹೋಯಿತು, ನನಗೆ ಖುಷಿಯೋ ಖುಷಿ. ಮೂರನೇ ವಾರ ಅವಳು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಫ್ರಾಕಿನ ಕಾಲರ್ ಬಾಯಿಗೆ ತುರುಕಿಕೊಂಡು ಕಚ್ಚುತ್ತಿದ್ದಳು. ಕರೆದುಕೊಂಡು ಬಂದಿದ್ದ ಅಜ್ಜ ಮೆಲ್ಲಗೆ ಹೇಳಿದರು, “ಇಲ್ಲಿಗೆ ಬರೂಕಿಂತ ಮೊದಲು ಈಕಿ ಹಿಂಗ ಅಂಜತಿದ್ದಿಲ್ರಿ.” ಆ ಟಿಕ್ ಹಾಕಿದ ಹಾಳೆಗಳು ಇನ್ನೂ ನನ್ನ ಕಪಾಟಿನಲ್ಲಿವೆ. ಅವತ್ತಿನಿಂದ ಕಣ್ಣಿಗೆ ಕಣ್ಣು ಸೇರಿಸುವುದನ್ನು ನಾನು ಯಾರಿಗೂ ಪಾಠವಾಗಿ ಕೊಟ್ಟಿಲ್ಲ.

ಹಾಗಾಗಿ ವಿಡಿಯೊ ಆಗಲಿ ಪುಸ್ತಕ ಆಗಲಿ, ಕೈಗೆ ಬಂದಾಗ ಮೊದಲು ಒಂದೇ ವಿಷಯ ನೋಡಿ. ಮಗು ಯಾಕೆ ಹೀಗೆ ಮಾಡುತ್ತಿದೆ ಅಂತ ಹುಡುಕುವುದನ್ನು ಅದು ನಿಮಗೆ ಕಲಿಸುತ್ತದಾ, ಅಥವಾ ಹೇಗೆ ನಿಲ್ಲಿಸುವುದು ಅಂತ ಮಾತ್ರ ಹೇಳುತ್ತದಾ? ಎರಡನೇ ತರಹದ್ದಾದರೆ ಅಲ್ಲೇ ಮುಚ್ಚಿ. ‘7 ದಿನದಲ್ಲಿ ಹಟ ಮಾಯ’ ಅಂತ ದೊಡ್ಡ ಅಕ್ಷರ ಇದ್ದರೆ ತೆರೆಯುವುದೇ ಬೇಡ.

ಈಗ ನಿಮ್ಮ ಮನೆಯ ತಾಟಿಗೆ ಬರೋಣ. ಇದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್ಕು. ಗೆರೆ ಎಳೆದು ಪುಟಕ್ಕೆ ಮೂರು ಕಾಲಂ ಮಾಡಿ. ಮುಂಚೆ ಏನಾಯಿತು, ಅವನು ಏನು ಮಾಡಿದ, ಆಮೇಲೆ ಏನಾಯಿತು. ಒಂದು ವಾರ ಬರೆಯಿರಿ. ಏನನ್ನೂ ತಿದ್ದಲು ಹೋಗಬೇಡಿ, ಬರೀ ಬರೆಯಿರಿ. ಹಾವೇರಿ ಕಡೆಯ ಒಬ್ಬ ತಾಯಿ ಬರೆದುಕೊಂಡು ಬಂದದ್ದು ಹೀಗಿತ್ತು:

ಮಂಗಳವಾರ ಮಧ್ಯಾಹ್ನ. ರೊಟ್ಟಿ, ಹೆಸರುಕಾಳಿನ ಪಲ್ಯ. ತಾಟು ಒಗೆದ. ಅತ್ತೆ ಎತ್ತಿಕೊಂಡು ಕಟ್ಟೆಗೆ ಹೋಗಿ ಮೊಬೈಲ್ ಕೊಟ್ಟರು.
ಮಂಗಳವಾರ ರಾತ್ರಿ. ಮೊಸರನ್ನ. ಒಗೆಯಲಿಲ್ಲ.
ಬುಧವಾರ ಮಧ್ಯಾಹ್ನ. ರೊಟ್ಟಿ, ಎಣ್ಣೆಗಾಯಿ. ಒಗೆದ. ನಾನು ಬೈದೆ. ಅತ್ತೆ ಮೊಬೈಲ್ ಕೊಟ್ಟರು.
ಗುರುವಾರ ಮಧ್ಯಾಹ್ನ. ಕಟಕ ರೊಟ್ಟಿ ಕೈಯಲ್ಲೇ ಕೊಟ್ಟೆ. ತಿರುಗಾಡುತ್ತಾ ಪೂರ್ತಿ ತಿಂದ.

ಬಂದಾಗ ಆಕೆ ಹೇಳಿದ್ದು “ಇವನಿಗೆ ರೊಟ್ಟಿ ಸೇರಲ್ಲ” ಅಂತ. ನೋಟ್‌ಬುಕ್ಕು ಬೇರೆಯೇ ಹೇಳುತ್ತಿತ್ತು. ರೊಟ್ಟಿ ಸೇರುತ್ತದೆ. ಪಲ್ಯದ ರಸ ತಗಲಿ ಮೆತ್ತಗಾದ ರೊಟ್ಟಿ ಸೇರುವುದಿಲ್ಲ. ಜತೆಗೆ, ತಾಟು ಹಾರಿದ ಕೂಡಲೇ ಮೊಬೈಲ್ ಬರುತ್ತದೆ ಅನ್ನುವುದೂ ಅವನಿಗೆ ಪಕ್ಕಾ ಆಗಿತ್ತು. ಅಂದರೆ ಒಂದೇ ಒಗೆತಕ್ಕೆ ಎರಡು ಕಾರಣ. ಮಕ್ಕಳು ಮಾಡುವುದರ ಹಿಂದೆ ಸಾಮಾನ್ಯವಾಗಿ ನಾಲ್ಕು ಮಾತು ಅಡಗಿರುತ್ತವೆ: ನನಗೆ ಇದು ಬೇಕು, ನನಗೆ ಇದು ಬೇಡ, ನನ್ನ ಕಡೆ ನೋಡು, ಹೀಗೆ ಮಾಡಿದರೆ ಮೈಗೆ ಹಿತ. ಬಾಯಲ್ಲಿ ಮಾತಿಲ್ಲದ ಮಗು ಇವನ್ನೆಲ್ಲ ತಾಟಿನಲ್ಲೇ ಹೇಳಬೇಕು ಅಲ್ವಾ?

ನಾವು ಮಾಡಿದ್ದು ಇಷ್ಟು. ಪಲ್ಯ ಬೇರೆ ಬಟ್ಟಲಿಗೆ ಹೋಯಿತು. ‘ಸಾಕು’ ಅನ್ನುವುದಕ್ಕೆ ಅಂಗೈ ಎತ್ತಿ ತೋರಿಸುವುದನ್ನು ಕಲಿಸಿದೆವು. ಅವನ ಕೈ ತಾಟಿನ ಅಂಚಿಗೆ ಹೋಗುವ ಮುಂಚೆಯೇ ಅಪ್ಪ ಹಿಂದಿನಿಂದ ಮೆಲ್ಲಗೆ ಅಂಗೈ ಎತ್ತಿಸುವುದು, ಅಮ್ಮ ‘ಸಾಕಾ? ಸಾಕು’ ಅಂತ ತಕ್ಷಣ ತಾಟು ತೆಗೆಯುವುದು. ಆ ‘ತಕ್ಷಣ’ವೇ ಮುಖ್ಯ. ಇನ್ನೊಂದು ತುತ್ತು ತಿನ್ನಲಿ ಅಂತ ಆಸೆಪಟ್ಟರೆ ಅಂಗೈಗೆ ಬೆಲೆ ಇಲ್ಲ ಅಂತ ಮಗು ತೀರ್ಮಾನಿಸುತ್ತದೆ, ಮತ್ತೆ ತಾಟೇ ಹಾರುತ್ತದೆ. ಮೊಬೈಲ್ ಬಂದ್ ಆಯಿತು. ಬಂದ್ ಮಾಡಿದ ಮೊದಲ ಮೂರು ದಿನ ಕೂಗಾಟ ಮುಂಚಿಗಿಂತ ಜಾಸ್ತಿ. ಇದು ಹೀಗೇ ಆಗುತ್ತದೆ, ಇಂಗ್ಲಿಷ್ ವಿಡಿಯೊಗಳಲ್ಲಿ ಇದಕ್ಕೆ ಎಕ್ಸ್‌ಟಿಂಕ್ಷನ್ ಬರ್ಸ್ಟ್ ಅನ್ನುತ್ತಾರೆ. ಮುಂಚೆ ಗೊತ್ತಿಲ್ಲದಿದ್ದರೆ ಎರಡನೇ ದಿನವೇ ಕೈಬಿಡುತ್ತೀರಿ. ಅಜ್ಜಿ ಅಂತೂ ನನಗೇ ಫೋನ್ ಮಾಡಿ, “ಕೂಸು ಅಳಾಕತ್ತೈತಿ, ಈಕಿ ಬರಕೊಂತ ಕುಂತಾಳ” ಅಂತ ಬೈದರು. ಬೈಸಿಕೊಂಡೆ. ಮರುವಾರ ಅಜ್ಜಿಯನ್ನೇ ಕರೆಸಿ ನೋಟ್‌ಬುಕ್ಕು ಓದಿ ಹೇಳಿದೆವು. ಪಲ್ಯದ ಬಟ್ಟಲಿನ ಕೆಲಸ ಆಕೆಗೇ ಒಪ್ಪಿಸಿದೆವು. ಆಮೇಲೆ ನಡೆಯಿತು. ಕೂಡು ಕುಟುಂಬದಲ್ಲಿ ಅಜ್ಜಿಗೆ ಗೊತ್ತಿಲ್ಲದ ಯಾವ ಥೆರಪಿಯೂ ನಿಲ್ಲುವುದಿಲ್ಲ.

ನಿಮ್ಮ ಮಗನ ಕಾರಣ ಇದೇ ಆಗಿರಬೇಕಿಲ್ಲ. ಅದಕ್ಕೇ ನೋಟ್‌ಬುಕ್ಕು. ಅವನಿಗೆ ಹೊಟ್ಟೆನೋವು, ಹಲ್ಲುನೋವು, ಮಲಬದ್ಧತೆ ಇದೆಯಾ ಅಂತ ಡಾಕ್ಟರ ಹತ್ತಿರವೂ ಒಮ್ಮೆ ತೋರಿಸಿ. ನೋವಿಗೆ ಉಮೇದು, ಆಸರೆ ಎಂಥದ್ದೂ ನಾಟುವುದಿಲ್ಲ.

ಕೈ ಹಿಡಿದು ಎಳೆಯುತ್ತಾನೆ ಅಂದಿರಿ. ಅದು ಒಳ್ಳೆಯ ಸುದ್ದಿ. ನಿಮ್ಮಿಂದ ಕೆಲಸ ಆಗುತ್ತದೆ ಅಂತ ಅವನಿಗೆ ಗೊತ್ತಾಗಿದೆ. ಅಲ್ಲಿಂದಲೇ ಶುರು ಮಾಡಿ. ಅವನಿಗೆ ಇಷ್ಟವಾದದ್ದನ್ನು, ಚುರುಮುರಿ ಅಂತಲೇ ಇಟ್ಟುಕೊಳ್ಳಿ, ಪಾರದರ್ಶಕ ಡಬ್ಬಿಯಲ್ಲಿ ಕಾಣುವಂತೆ ಇಡಿ. ಮುಚ್ಚಳ ಅವನಿಗೆ ಬಿಚ್ಚಲು ಬರಬಾರದು. ಕೈ ಎಳೆದಾಗ ಡಬ್ಬಿ ಹಿಡಿದು ಮೂರು ನಾಲ್ಕು ಸೆಕೆಂಡ್ ಸುಮ್ನೆ ಕಾಯಿರಿ. ಬೆರಳು ತೋರಿಸಿದರೂ ಸರಿ, ‘ಅ’ ಅಂದರೂ ಸರಿ, ನಿಮ್ಮ ಮುಖ ನೋಡಿದರೂ ಸರಿ. ‘ಬೇಕು’ ಅಂತ ನೀವು ಹೇಳಿ, ಕೊಡಿ. ಒಂದೇ ಹಿಡಿ ಕೊಡಿ, ಮತ್ತೆ ಕೇಳುವ ಅವಕಾಶ ಅವನಿಗೆ ಉಳಿಯಲಿ. ‘ಬೇಕು ಅನ್ನೋತನಕ ಕೊಡಲ್ಲ’ ಅಂತ ಹಟಕ್ಕೆ ಬೀಳಬೇಡಿ. ಅಲ್ಲಿಗೆ ಅದು ಕಲಿಕೆ ಅಲ್ಲ, ಜಗಳ.

ಚಿತ್ರದ ಕಾರ್ಡ್ ಕೊಟ್ಟು ಕೇಳುವುದನ್ನೂ ಕಲಿಸಬಹುದು. ಪೆಕ್ಸ್ ಅನ್ನುವ ಪದ್ಧತಿ ಇದೆ. 1985ರಲ್ಲಿ ಅಮೆರಿಕದ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ಮಾಡಿದ್ದು. ‘ಕಾರ್ಡ್ ಕೊಟ್ಟರೆ ಮಾತೇ ಬರಲ್ಲ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗೆ ಆಗುವುದಿಲ್ಲ. ಕಾರ್ಡ್ ಮಾತಿಗೆ ಅಡ್ಡ ಬರುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ. ಆದರೆ ಅಂಗಡಿಯಲ್ಲಿ ಸಿಗುವ ಫ್ಲಾಶ್‌ಕಾರ್ಡ್ ತರಬೇಡಿ. ಇಗ್ಲೂ, ಕ್ಸೈಲೋಫೋನ್ ಬೆಟಗೇರಿಯಲ್ಲಿ ಯಾರ ಮನೆಯಲ್ಲಿದೆ? ನಿಮ್ಮ ಮನೆಯ ಚರಿಗೆ, ನಿಮ್ಮ ಚುರುಮುರಿ ಡಬ್ಬಿ, ಅವನ ಚಪ್ಪಲಿ. ಮೊಬೈಲ್‌ನಲ್ಲಿ ಫೋಟೊ ತೆಗೆದು ಪ್ರಿಂಟ್ ಹಾಕಿಸಿ, ಲ್ಯಾಮಿನೇಷನ್ ಮಾಡಿಸಿ.

ಇದೇ ಜಾಗದಲ್ಲಿ ಒಂದು ಮಾತು. ಇಂಗ್ಲಿಷ್ ವಿಡಿಯೊ ನೋಡಿ ನೋಡಿ ತಾಯಂದಿರು ಮಗುವಿನ ಜತೆ ‘ಸಿಟ್’, ‘ಗಿವ್’, ‘ವಾಟರ್’ ಅಂತ ಶುರು ಮಾಡುತ್ತಾರೆ. ಆಮೇಲೆ ಮಗು ‘ವಾಟರ್’ ಅಂದಾಗ ಅಜ್ಜನಿಗೆ ತಿಳಿಯುವುದಿಲ್ಲ. ನೀರು ಬರುವುದಿಲ್ಲ. ಮಾತಾಡಿ ಏನೂ ಸಿಗಲಿಲ್ಲ ಅಂತ ಮಗು ಬಿಟ್ಟುಬಿಡುತ್ತದೆ. ಮನೆಮಂದಿಯೆಲ್ಲ ಆಡುವ ಮಾತೇ ಅವನ ಮಾತಾಗಲಿ. ‘ಕುಂದ್ರು’ ಅನ್ನುವ ಮನೆಯಲ್ಲಿ ‘ಕುಂದ್ರು’ ಅಂತಲೇ ಹೇಳಿ.

ಈಗ ನೀವು ಕೇಳಿದ ಸಾಮಗ್ರಿ. ಮೂರೇ ಮೂರು ಹೇಳುತ್ತೇನೆ, ಜಾಸ್ತಿ ಹೇಳಿದರೆ ಮತ್ತೆ ರಾತ್ರಿಯೆಲ್ಲ ಎದ್ದಿರುತ್ತೀರಿ.

ವಿಶ್ವ ಆರೋಗ್ಯ ಸಂಸ್ಥೆಯವರು ಪೋಷಕರಿಗೆಂದೇ ‘ಕೇರ್‌ಗಿವರ್ ಸ್ಕಿಲ್ಸ್ ಟ್ರೇನಿಂಗ್’ ಅಂತ ಒಂದು ಪಾಠ ಮಾಡಿದ್ದಾರೆ. 2ರಿಂದ 9 ವರ್ಷದ ಮಕ್ಕಳ ಮನೆಯವರಿಗೆ. ಗುಂಪಿನಲ್ಲಿ ಕಲಿಸುವಾಗ 9 ತರಗತಿ, 3 ಸಲ ಮನೆ ಭೇಟಿ. ಅದರ ಆನ್‌ಲೈನ್ ರೂಪವೂ ಇದೆ, ದುಡ್ಡು ಕೊಡಬೇಕಿಲ್ಲ. ಆಟದಲ್ಲಿ ಮಗುವಿನ ಜತೆ ಸೇರುವುದು, ದಿನದ ಕೆಲಸದಲ್ಲೇ ಕಲಿಸುವುದು, ಹಟದ ಹಿಂದಿನ ಕಾರಣ ಹುಡುಕುವುದು, ಕೊನೆಗೆ ತಾಯಿಯೂ ಒಂದು ಲೋಟ ಚಹಾ ಕುಡಿದು ಸುಧಾರಿಸಿಕೊಳ್ಳುವುದು, ಎಲ್ಲ ಇದೆ. ನಾನು ಮೊದಲು ಹೇಳುವುದು ಇದನ್ನೇ.

ಎರಡನೆಯದು ಆಫಿರ್ಮ್ (AFIRM) ಅನ್ನುವ ಆನ್‌ಲೈನ್ ಪಾಠಗಳು. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ್ದು. ಇದೂ ಉಚಿತ. ಇದೇ ವಿಶ್ವವಿದ್ಯಾಲಯದ ತಂಡ 2020ರ ವರದಿಯಲ್ಲಿ ಸಂಶೋಧನೆಯ ಆಧಾರ ಇರುವ 28 ಪದ್ಧತಿಗಳನ್ನು ಹೆಸರಿಸಿತು. ಅಂಥ ಪದ್ಧತಿಗಳಿಗೆ ಒಂದೊಂದರಂತೆ ಪಾಠ ಇಲ್ಲಿ ಸಿಗುತ್ತವೆ. ಇಂಗ್ಲಿಷ್ ಸ್ವಲ್ಪ ಗಟ್ಟಿ, ಶಿಕ್ಷಕರಿಗೆ ಅಂತ ಬರೆದದ್ದು. ಎಲ್ಲ ಓದಬೇಡಿ. ರೀಇನ್ಫೋರ್ಸ್‌ಮೆಂಟ್, ಪ್ರಾಂಪ್ಟಿಂಗ್, ಟಾಸ್ಕ್ ಅನಾಲಿಸಿಸ್, ಈ ಮೂರು ಸಾಕು. ಮನೆಯಲ್ಲಿ ಕಾಲೇಜಿಗೆ ಹೋಗುವ ತಮ್ಮನೋ ನಾದಿನಿಯೋ ಇದ್ದರೆ ಭಾನುವಾರ ಒಂದು ಗಂಟೆ ಕೂರಿಸಿಕೊಂಡು ಓದಿಸಿ.

ಟಾಸ್ಕ್ ಅನಾಲಿಸಿಸ್ ಅಂದರೆ ಒಂದು ಕೆಲಸವನ್ನು ತುಂಡು ತುಂಡು ಮಾಡುವುದು. ಚಡ್ಡಿ ಹಾಕಿಕೊಳ್ಳುವುದನ್ನು ತಗೊಳ್ಳಿ. ಹಿಡಿಯುವುದು, ಒಂದು ಕಾಲು, ಇನ್ನೊಂದು ಕಾಲು, ಮಂಡಿವರೆಗೆ, ತೊಡೆವರೆಗೆ, ಸೊಂಟಕ್ಕೆ. ಮೊದಲ ಐದೂ ನೀವು ಮಾಡಿ, ಕೊನೆಯ ಎಳೆತ ಮಾತ್ರ ಅವನಿಗೆ ಬಿಡಿ. ಅದು ಬಂದ ಮೇಲೆ ಕೊನೆಯ ಎರಡು. ಹೀಗೆ ಹಿಂದಿನಿಂದ ಮುಂದಕ್ಕೆ ಬಂದರೆ ಪ್ರತಿ ದಿನವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಆ ‘ಆಯ್ತು!’ ಅನ್ನುವ ಮುಖ ಒಮ್ಮೆ ನೋಡಿ.

ಕನ್ನಡದಲ್ಲಿ? ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ನಾವೆಲ್ಲ ಆಯಿಷ್ ಅನ್ನುವುದು, ಮಾತು ಮತ್ತು ಸಂವಹನದ ಬಗ್ಗೆ ಕನ್ನಡದಲ್ಲಿ ಕರಪತ್ರ ತರುತ್ತದೆ. ಅವನ್ನು ತರಿಸಿಕೊಳ್ಳಿ. ಬರೀ ಎಬಿಎಗೆಂದೇ ಕನ್ನಡದಲ್ಲಿ ಇದೇ ಓದಿ ಅಂತ ನಾನು ಕೊಡುವಂಥ ಪುಸ್ತಕ ಇಲ್ಲ. ಈ ಸಿಟ್ಟು ನನಗೆ ಹಳೆಯದು.

ಪೋಷಕರು ಮಾಡಿದರೆ ನಡೆಯುತ್ತದಾ ಅನ್ನುವ ಅನುಮಾನ ಇದ್ದರೆ ನಮ್ಮ ಪಕ್ಕದ ಗೋವಾ ನೋಡಿ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿ ಸೇರಿ 65 ಮಕ್ಕಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಬಂತು. ಅದು ಎಬಿಎ ಅಲ್ಲ, ತಾಯಿ ಮಗು ಆಡುವ ವಿಡಿಯೊ ತೆಗೆದು ತಾಯಿಗೇ ತೋರಿಸಿ ಕಲಿಸುವ ಕ್ರಮ. ಕಲಿಸಿದವರು ದೊಡ್ಡ ತಜ್ಞರೂ ಅಲ್ಲ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು. ಮಕ್ಕಳು ತಾವಾಗಿ ಸಂವಹನ ಶುರು ಮಾಡುವುದು ಹೆಚ್ಚಾಯಿತು.

ಮನುಷ್ಯರ ಸಹಾಯವೂ ಬೇಕು. ಕಲಿಸುವವರ ಹೆಸರು ಭಾರತೀಯ ಪುನರ್ವಸತಿ ಪರಿಷತ್ತಿನ ಪಟ್ಟಿಯಲ್ಲಿದೆಯಾ ನೋಡಿ. ಆರ್‌ಸಿಐ ಅನ್ನುತ್ತಾರೆ. ಸ್ಪೆಷಲ್ ಎಜುಕೇಟರ್, ಸ್ಪೀಚ್ ಥೆರಪಿಸ್ಟ್, ಕ್ಲಿನಿಕಲ್ ಸೈಕಾಲಜಿಸ್ಟ್ ಎಲ್ಲರಿಗೂ ಅಲ್ಲಿ ಸಿಆರ್‌ಆರ್ ಅನ್ನುವ ನೋಂದಣಿ ನಂಬರ್ ಇರುತ್ತದೆ. ಕೇಳಲು ಸಂಕೋಚ ಬೇಡ, ಇದ್ದವರು ಖುಷಿಯಿಂದ ಹೇಳುತ್ತಾರೆ. ಬಿಸಿಬಿಎ ಅಂತ ಬೋರ್ಡ್ ಇದ್ದರೆ ಅದು ಎಬಿಎ ಮಾಡುವವರಿಗೆ ಅಮೆರಿಕದ ಒಂದು ಮಂಡಳಿ ಕೊಡುವ ಸರ್ಟಿಫಿಕೇಟ್. ಆ ಮಂಡಳಿ 2023ರಿಂದ ನಮ್ಮ ದೇಶದವರ ಹೊಸ ಅರ್ಜಿ ತಗೊಳ್ಳುತ್ತಿಲ್ಲ. ಮುಂಚೆ ಪಡೆದವರ ಹೆಸರು ಅವರ ವೆಬ್‌ಸೈಟಿನಲ್ಲಿ ಸಿಗುತ್ತದೆ. ಥೆರಪಿ ಕೋಣೆಯ ಒಳಗೆ ತಾಯಿಯನ್ನು ಬಿಡದ ಕಡೆ ನಿಲ್ಲಬೇಡಿ. ಬಾಗಿಲು ಹಾಕಿಕೊಂಡು ಕಲಿಸಿದ್ದು ಮನೆಗೆ ಬರುವುದೇ ಇಲ್ಲ.

ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಸಂಸ್ಥೆ, ಅಲ್ಲಿ ಮನೋವೈದ್ಯರೂ ಸೈಕಾಲಜಿಸ್ಟರೂ ಇದ್ದಾರೆ. ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಿಇಐಸಿ, ಅಂದರೆ ಮಕ್ಕಳ ತೊಂದರೆಗೆ ಬೇಗ ನೆರವು ಕೊಡುವ ಕೇಂದ್ರದ ಬಗ್ಗೆ ಗದಗಿನ ಜಿಮ್ಸ್ ಆಸ್ಪತ್ರೆಯಲ್ಲಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ ಆಟಿಸಂ ಇದೆ, ಹಾಗಾಗಿ ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸಿ. ಅದಾದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಗೆ ಅರ್ಜಿ ಹಾಕಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ವಿಮೆ, ಥೆರಪಿ ಖರ್ಚಿಗೂ ಒಂದು ಮಿತಿಯವರೆಗೆ ಬರುತ್ತದೆ. ಅರ್ಜಿ ತುಂಬುವುದು ತಲೆನೋವು ಅನಿಸಿದರೆ ತಾಲ್ಲೂಕಿನ ಎಂಆರ್‌ಡಬ್ಲ್ಯು, ಅಂದರೆ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಅದು ಅವರ ಕೆಲಸವೇ. ಹಳ್ಳಿಯವರಾದರೆ ಪಂಚಾಯಿತಿಯಲ್ಲಿ ಇದೇ ಕೆಲಸಕ್ಕೆ ವಿಆರ್‌ಡಬ್ಲ್ಯು ಇರುತ್ತಾರೆ.

ಒಂದು ಕಡೆಗೆ ಮಾತ್ರ ಹೋಗಲೇಬೇಡಿ. ಸ್ಟೆಮ್ ಸೆಲ್ ಹಾಕಿ ಆಟಿಸಂ ವಾಸಿ ಮಾಡುತ್ತೇವೆ ಅನ್ನುವವರು ಮೊಬೈಲ್‌ನಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಲಕ್ಷಗಟ್ಟಲೆ ಕೇಳುತ್ತಾರೆ. ಆಟಿಸಂಗೆ ಅದು ಸಲ್ಲದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಬಂಗಾರ ಅಡ ಇಟ್ಟು ಹೋದ ಮನೆಗಳನ್ನು ನೋಡಿದ್ದೇನೆ.

ಸದ್ಯಕ್ಕೆ ಯೂಟ್ಯೂಬ್ ಒಂದು ವಾರ ಬಂದ್. ಬದಲಿಗೆ ನಾಳೆ ಒಂದು ನೋಟ್‌ಬುಕ್ಕು ತಗೊಳ್ಳಿ, ತಾಟು ಮಾತ್ರ ಬರೆಯಿರಿ, ಬೇರೆ ಏನೂ ಬೇಡ. ಮುಂದಿನ ವಾರ ಹುಬ್ಬಳ್ಳಿಗೆ ಹೊರಟಾಗ ರೈಲಿನಲ್ಲಿ ಮಗ ಕಿಟಕಿ ನೋಡುತ್ತಾ ಕೂತಿರುವಾಗ ಆ ಪುಟಗಳನ್ನು ಒಮ್ಮೆ ಓದಿ. ಅಣ್ಣಿಗೇರಿ ದಾಟುವಷ್ಟರಲ್ಲಿ ನಿಮಗೇ ಒಂದೆರಡು ವಿಷಯ ಹೊಳೆಯಬಹುದು. ಥೆರಪಿಸ್ಟ್ ಹತ್ತಿರ ಹೋದ ಮೇಲೆ 40 ಗಂಟೆಯ ಮಾತು ಎತ್ತಬೇಡಿ. ಪುಟ ಬಿಚ್ಚಿ ಎದುರಿಗಿಟ್ಟು, ‘ಇದಕ್ಕೆ ನಾನು ಮನೆಯಲ್ಲಿ ಏನು ಮಾಡಲಿ, ಮಾಡಿ ತೋರಿಸಿ’ ಅಂತ ಕೇಳಿ.